ಹುಣಸೆ ಕುಟ್ಟುವ ಕಲ್ಲಿನ ಆಚೆ

ಮೊನ್ನೆ ಸೇಡಂನಲ್ಲಿ ಒಂದು ಮದುವೆಗೆ ಹೋಗುವಾಗ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕಾಯಿತು. ಮಳೆ ಆಗಷ್ಟೇ ನಿಂತಿತ್ತು. ಪ್ಲಾಟ್‌ಫಾರ್ಮಿಗೆ ಹಾಸಿದ ಫರಸಿಕಲ್ಲಿನಿಂದ ಒಂದು ವಾಸನೆ ಏಳುತ್ತಿತ್ತು. ಮಣ್ಣಿನ ವಾಸನೆಯಲ್ಲ, ಆ ಸೀಮೆಯ ಕಲ್ಲು ನೆನೆದಾಗ ಮಾತ್ರ ಬರುವಂಥದ್ದು. ಬೆಳಗಿಟ್ಟ ಖಾಲಿ ಕೊಡದೊಳಗೆ ಮುಖವಿಟ್ಟರೆ ಬರುತ್ತದಲ್ಲ, ಹಾಗೆ ತಣ್ಣಗೆ, ಸ್ವಲ್ಪ ಸುಣ್ಣ ಬೆರೆತ ಹಾಗೆ. ಜೊತೆಗಿದ್ದವರು ಚಹಾ ತರಲು ಹೋದರು. ನಾನು ಬೆಂಚಿನ ಮೇಲೆ ಕುಳಿತು ಸೆರಗನ್ನು ಮೂಗಿಗೆ ಹಿಡಿದುಕೊಂಡೆ. ವಾಸನೆಯ ಜೊತೆಗೆ ಹುಣಸೆಯ ಹುಳಿಯೂ ಬಾಯಿಗೆ ಬಂದಿತ್ತು. ಎರಡೂ ನನಗೆ ಒಂದೇ ಮಳೆಗಾಲದವು.

ಆ ಊರಿಗೆ ನಾನು ಸೊಸೆಯಾಗಿ ಬಂದದ್ದು ನಿಜಾಮರ ಆಳ್ವಿಕೆ ಗಟ್ಟಿಯಾಗಿದ್ದ ಕಾಲಕ್ಕೆ. ಹುಟ್ಟಿ ಬೆಳೆದದ್ದು ಸಿಕಂದರಾಬಾದಿನ ದಂಡಿನ ಬಡಾವಣೆಯಲ್ಲಿ, ಓದಿದ್ದು ಸಿಸ್ಟರುಗಳ ಕಾನ್ವೆಂಟಿನಲ್ಲಿ. ಚಮಚ ಸದ್ದು ಮಾಡದಂತೆ ಹಿಡಿಯುವುದು, ಬಟ್ಟೆಯ ಅಂಚಿಗೆ ಕಸೂತಿ ಹಾಕುವುದು ನನಗೆ ಅಲ್ಲಿ ಬಂದ ವಿದ್ಯೆಗಳು. ನಿಜ ಹೇಳಿದವರನ್ನು ದೇವರು ಕೈಬಿಡುವುದಿಲ್ಲ ಎಂದು ಸಿಸ್ಟರೊಬ್ಬರು ದಿನಾ ಬೆಳಿಗ್ಗೆ ಹೇಳುತ್ತಿದ್ದರು. ಅದನ್ನೂ ನಂಬಿಕೊಂಡೇ ಬಂದಿದ್ದೆ. ವಾಡಿಯ ಮನೆಯಲ್ಲಿ ಚಮಚಗಳೇ ಇರಲಿಲ್ಲ. ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. “ಏ ಇಸ್ಕೂಲಿನಾಕಿ, ನಿನ್ನ ಸೂಜಿ ದಾರ ಅತ್ತಾಗ ಇಡು. ಹುಣಸಿಹಣ್ಣು ಕುಟ್ಟು ಬಾ” ಎನ್ನುತ್ತಿದ್ದರು.

ಹುಣಸೆಹಣ್ಣು ಕುಟ್ಟುತ್ತಿದ್ದದ್ದು ಅಂಗಳದ ಅಂಚಿನಲ್ಲಿ ನೆಟ್ಟಿದ್ದ ಒಂದು ಮೊಂಡು ಕಲ್ಲಿನ ಮೇಲೆ. ಮೊಣಕಾಲೆತ್ತರ, ತಲೆ ಚಪ್ಪಟೆ. ಒಂದು ಬದಿಗೆ ಏನೋ ಅಕ್ಷರ ಕೊರೆದಿದ್ದರು, ಹುಣಸೆಯ ರಸ ಕುಡಿದು ಕುಡಿದು ಅವು ಕಪ್ಪಾಗಿ ತುಂಬಿಹೋಗಿದ್ದವು. ಅತ್ತೆ ಅದಕ್ಕೆ ಒಂದು ಬಿದಿರು ಕಟ್ಟಿ ಮಡಿಸೀರೆ ಒಣಹಾಕುತ್ತಿದ್ದರು. ಮನೆಯ ಹಿಂದೆ ರೈಲಿನ ಹಳಿ, ಮುಂದೆ ಈ ಕಲ್ಲು, ಕಲ್ಲಿನಾಚೆ ಸ್ವಲ್ಪ ಬಯಲು, ಬಯಲಿನಾಚೆ ಊರು. ಊರಿನ ಮೊದಲ ಓಣಿಯಲ್ಲಿ ಒಂದು ದೊಡ್ಡ ಬಾವಿ. ಅಲ್ಲಿ ಎತ್ತುಗಳನ್ನು ಹೂಡಿ ಚರ್ಮದ ಮೊಟ್ಟೆಯಿಂದ ನೀರೆತ್ತುವುದು ನಮ್ಮ ಅಂಗಳಕ್ಕೆ ಕಾಣುತ್ತಿತ್ತು.

ಆ ಚರ್ಮದ ಮೊಟ್ಟೆಯ ದೆಸೆಯಿಂದಲೇ ನಮ್ಮವರು ಕಲ್ಲಿನ ಈಚೆಗೆ ಬಂದಿದ್ದರು. ಮಾವನವರು ಭೀಮಾ ಹೊಳೆಯ ಆಚೆಯವರು, ಮುಂಬಯಿ ಸರಕಾರದ ಸೀಮೆಯವರು. ಮಕ್ಕಳಿಗೆ ಪಾಠ ಹೇಳುತ್ತ, ಪೂಜೆ ಮಾಡಿಸುತ್ತ ವಾಡಿಗೆ ಬಂದು ಆ ಬಾವಿಯ ಪಕ್ಕದಲ್ಲೇ ಬಾಡಿಗೆಗಿದ್ದರಂತೆ. ಅತ್ತೆ ಹೊಳೆಯಾಚೆಯ ತವರಿನಲ್ಲಿ ಹಿರಿಯ ಮಗನನ್ನು ಹೆತ್ತು ಬಂದವರು ಆ ಮೊಟ್ಟೆ ನೋಡಿದರು. ಚರ್ಮ ಮುಟ್ಟಿದ ನೀರಿನಲ್ಲಿ ದೇವರ ಅಡುಗೆ ಮಾಡುವುದಿಲ್ಲವೆಂದು ಹಟ ಹಿಡಿದರು. ಹಳಿ ಹಾಕುವ ಕಾಲಕ್ಕೆ ಗುತ್ತೇದಾರನೊಬ್ಬ ಕಟ್ಟಿಸಿದ್ದ ಕಲ್ಲಿನ ಮನೆ ಸ್ಟೇಷನ್ನಿನ ಬದಿ ಖಾಲಿ ಬಿದ್ದಿತ್ತು, ಅಂಗಳದಲ್ಲೇ ಬಾವಿ, ಹಗ್ಗ ಹಿತ್ತಾಳೆ ಕೊಡದಲ್ಲಿ ಸೇದಿಕೊಳ್ಳಬಹುದು. ಸ್ಟೇಷನ್ ಮಾಸ್ತರರ ಮಕ್ಕಳಿಗೆ ಮಾವನವರೇ ಪಾಠ ಹೇಳುತ್ತಿದ್ದುದರಿಂದ ಇರಲು ಅಪ್ಪಣೆ ಸಿಕ್ಕಿತು. ಅಂದಿನಿಂದ ಮನೆ ಅಲ್ಲೇ. ಮಾವನವರು ತೀರಿಕೊಂಡಿದ್ದೂ ಅಲ್ಲೇ, ಅತ್ತೆ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟದ್ದೂ ಅಲ್ಲೇ. ಆಮೇಲೆ ಅವರಿಗೆ ಉಳಿದ ಒಂದೇ ಐಶ್ವರ್ಯ ಮಡಿ.

ಹಿರಿಯ ಮಗ ಶ್ರೀನಿವಾಸ ಭಾವ ಚಿತ್ತಾಪುರದ ಸರಕಾರಿ ಶಾಲೆಯಲ್ಲಿ ಹಂಗಾಮಿ ಮಾಸ್ತರು. ಬೆಳಗಿನ ಪ್ಯಾಸೆಂಜರಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದರು. ಲೆಕ್ಕ ಕಲಿಸುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಖಡುವಿನ, ಅಂದರೆ ಸೀಮೆಸುಣ್ಣದ, ತುಂಡು. ಊಟಕ್ಕೆ ಕೂತಾಗಲೂ ಪಕ್ಕದ ಫರಸಿಯ ಮೇಲೆ ಏನಾದರೂ ಬರೆಯುವ ಚಾಳಿ. ಎರಡನೆಯ ಮಗ ಪಾಂಡುರಂಗ, ನನ್ನ ಯಜಮಾನರು, ಸ್ಟೇಷನ್ನಿನ ಟಿಕೇಟಿನ ಕಿಟಕಿಯಲ್ಲಿ ಗುಮಾಸ್ತರು. ರೈಲಿನ ಕಂಪನಿ ಅವರನ್ನು ಯಾವ ಸೀಮೆಯವರೆಂದು ಕೇಳಿರಲಿಲ್ಲ. ಭಾವನನ್ನು ಕೇಳಿತು, ನಿಜಾಮರ ಸರಕಾರ.

ಮಾವನವರ ಕಾಲದಲ್ಲಿ ನಾಲ್ಕಕ್ಷರ ಬಲ್ಲವನನ್ನು ಕರೆದು ಕೂರಿಸುತ್ತಿದ್ದರಂತೆ. ಆಮೇಲೆ ಮುಲ್ಕಿ ಕಾಯಿದೆ ಬಂತು. ಮುಲ್ಕಿ ಎಂದರೆ ಈ ರಾಜ್ಯದವನು, ಗೈರ್‌ಮುಲ್ಕಿ ಎಂದರೆ ಹೊರಗಿನವನು. ಹೊರಗಿನವನು ಒಳಗಿನವನಾಗಬೇಕಾದರೆ ಹದಿನೈದು ವರ್ಷ ಬಿಡದೆ ಈ ರಾಜ್ಯದಲ್ಲಿ ನೆಲೆಸಿರಬೇಕು, ಹಿಂದಿನ ಊರಿನ ಆಸೆ ಬಿಟ್ಟಿರಬೇಕು. ದಿಲ್ಲಿ ಲಖನೌ ಕಡೆಯಿಂದ ಬಂದು ದೊಡ್ಡ ಕುರ್ಚಿ ಹಿಡಿದವರನ್ನು ತಡೆಯಲಿಕ್ಕೆ ಮಾಡಿದ ಕಾಯಿದೆಯೆಂದು ಹೇಳುತ್ತಿದ್ದರು. ಆ ದೊಡ್ಡವರಿಗೆ ಖಾಸಾ ಅಪ್ಪಣೆಯ ದಾರಿ ಇದ್ದೇ ಇತ್ತು. ಆ ವರ್ಷ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಬಿಗಿ ಮಾಡಿದರು. ಹಂಗಾಮಿ ಮಾಸ್ತರರು ಮುಲ್ಕಿ ಎಂದು ಸಾಬೀತಾದರೆ ಕಾಯಂ, ಇಲ್ಲವಾದರೆ ಮನೆಗೆ.

ಕಾಯಂ ಆಗುವುದೆಂದರೆ ಭಾವನಿಗಿಂತ ತುಂಗಕ್ಕನಿಗೆ ದೊಡ್ಡದು. ತುಂಗಕ್ಕ ಭಾವನ ಹೆಂಡತಿ, ಸೇಡಂನ ವಕೀಲರ ಮಗಳು. ಆಕೆಗೆ ಉದ್ದನೆಯ ಕೂದಲು, ಹೆರಳು ಹಾಕಿದರೆ ಸೊಂಟ ದಾಟುತ್ತಿತ್ತು. ಮಡಿಯ ಮೇಲಿನ ತಪ್ಪಿಗೆ ಅತ್ತೆ ಆಕೆಯನ್ನು ಊಟವಿಲ್ಲದೆ ಕೂರಿಸಿದ ದಿನಗಳನ್ನು ನಾನು ಬಂದಮೇಲೂ ಕಂಡಿದ್ದೆ. ನೌಕರಿ ಕಾಯಂ ಆದರೆ ಚಿತ್ತಾಪುರದಲ್ಲೇ ಮನೆ ಹಿಡಿಯುವುದೆಂದು ಗಂಡ ಹೆಂಡತಿ ಗೊತ್ತು ಮಾಡಿಕೊಂಡಿದ್ದರು. ಎರಡು ಕೋಣೆ, ಬೀದಿಗೆ ಒಂದು ಕಿಟಕಿ. ಆ ಕಿಟಕಿಗೆ ನನ್ನಿಂದ ಒಂದು ಪರದೆ ಹೊಲಿಸಿಕೊಂಡಳು. ಬಿಳಿಯ ಮಾದರಪಾಟು ಬಟ್ಟೆ, ಅಂಚಿಗೆ ನೀಲಿ ಹೂವು. ಅತ್ತೆ ಬಾವಿಯ ಕಡೆ ಹೋದಾಗಲೆಲ್ಲ ಟ್ರಂಕು ತೆಗೆದು ಮುಟ್ಟಿ ನೋಡಿ ಮುಚ್ಚುತ್ತಿದ್ದಳು.

ಗಂಡನನ್ನು ಛೇಡಿಸುವುದೆಂದರೆ ಆಕೆಗೆ ಇಷ್ಟ. “ನಾ ಹುಟ್ಟು ಮುಲ್ಕಿ, ತಿಳೀತೇನ್ರಿ? ನೀವು ಹೊಳಿ ಆಚೆಯ ಪರದೇಶಿ” ಎನ್ನುತ್ತಿದ್ದಳು.

ಭಾವ ಬಟ್ಟಲು ಮುಂದೆ ಹಿಡಿದು, “ಮುಲ್ಕಿ ಬಾಯಿಯವರ, ಪರದೇಶಿಗೆ ಒಂದು ಸೌಟು ಸಾರು ಹಾಕ್ರಿ. ದಯಾ ಇರ್ಲಿ” ಎನ್ನುವರು. ಆಕೆ ನಗು ತಡೆಯಲಿಕ್ಕೆ ತುಟಿ ಕಚ್ಚಿಕೊಳ್ಳುವಳು. ಅತ್ತೆಯ ಮನೆಯಲ್ಲಿ ಸೊಸೆಯಂದಿರು ಸದ್ದು ಮಾಡಿ ನಗುವಂತಿರಲಿಲ್ಲ.

ಮಿರಗದ ಮಳೆ ಬಿದ್ದ ಮೇಲೆ ವಕೀಲರು ಸೇಡಂನಿಂದ ಬಂದರು. ತೆಳ್ಳಗಿನ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸಿಕೊಳ್ಳುವರು. ಕಟ್ಟೆಯ ಮೇಲೆ ಕೂತು, ಒಳಗೆ ಬಾಗಿಲ ಮರೆಗೆ ನಿಂತ ಅತ್ತೆಗೆ ಕೇಳಿಸುವಂತೆ ಹೇಳಿದರು: “ಬೀಗಿತ್ತೆರ, ಒಂದು ತೊಡಕು ಅದ. ರೈಲಿನ ಜಮೀನೆಲ್ಲಾ ಇಂಗ್ಲಿಷರ ಕಾಯಿದೆಗೆ ಸೇರ್ತದ. ನೀವು ಇರೋ ಮನಿ ಆ ಜಮೀನಿನಾಗ ಬರ್ತದ. ಇಲ್ಲಿ ನೂರು ವರ್ಷ ಇದ್ರೂ ನಿಜಾಮರ ರಾಜ್ಯದಾಗ ಇದ್ದಂಗ ಆಗಂಗಿಲ್ಲ.”

“ಅಯ್ಯ, ಎದುರಿಗಿ ಊರು ಕಾಣ್ತದಲ್ರಿ” ಎಂದರು ಅತ್ತೆ.

“ಕಾಣ್ತದ, ಖರೇ. ಆದ್ರ ಗಡಿ ನಡುವ ಅದ. ಅದಕ್ಕ ಮೌಲಾಸಾಬನ್ನ ಕೇಳೀನಿ. ಇಷ್ಟು ವರ್ಷನೂ ಇವರು ನಮ್ಮ ಅಂಗಳದಾಗ ಬಾಡಿಗಿ ಇದ್ರು, ನಮ್ಮ ಬಾವಿ ನೀರು ಕುಡದಾರ, ಅಂತ ಅಂವ ಸಾಕ್ಷಿ ಹೇಳ್ತಾನ. ಈ ಮನಿಗೆ ನೀವು ಪಾಂಡುನ ನೌಕರಿಗೆ ಅಂತ ಈಗೀಗ ಬಂದೀರಿ. ಇಷ್ಟು ಅಂದ್ರ ಮುಗೀತು.”

ಅತ್ತೆ ಒಳಗೆ ತಿರುಗಿ ಬಂದಾಗ ಅವರ ಮೂಗಿನ ಹೊಳ್ಳೆ ಅರಳಿದ್ದು ನನಗೆ ಕಂಡಿತು. ಕೊಳೆ ಕಂಡಾಗ ಅವರಿಗೆ ಹಾಗಾಗುತ್ತಿತ್ತು.

ಮೌಲಾಸಾಬ ಊರ ಬಾವಿಯ ಮನೆಯವನು, ಭಂಕೂರಿನ ಕಡೆಯ ಕಲ್ಲಿನ ಗಣಿಯಲ್ಲಿ ಮೇಸ್ತ್ರಿ. ಮಾವನವರು ಮೊದಲು ಬಾಡಿಗೆಗಿದ್ದದ್ದು ಅವನ ತಂದೆಯ ಮನೆಯಲ್ಲಿ. ಮಾವನವರಿಂದ ಅಕ್ಷರ ಕಲಿತಿದ್ದನಂತೆ. ವಿಚಾರಣೆಯ ದಿನ ಒಗೆದ ಅಂಗಿ ಹಾಕಿ, ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟು ಮುಂಜಾನೆಯೇ ಬಂದು ನಮ್ಮ ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತ. ಮೇಲೆ ಕೂರಲು ಯಾರೂ ಹೇಳಲಿಲ್ಲ, ಅವನೂ ನಿರೀಕ್ಷಿಸಿರಲಿಲ್ಲ. ಅತ್ತೆಯ ಮುಖ ನೋಡಿ ಅವನಿಗೆ ಏನೋ ಅಳುಕು ಹುಟ್ಟಿರಬೇಕು. ನಗುತ್ತ ಅಂದ: “ಅವ್ವಾರ, ಇವತ್ತೊಂದು ದಿನ ನಮ್ಮ ನೀರು ಕುಡದೀವಿ ಅಂದುಬಿಡ್ರಿ. ಕುಡೀಬ್ಯಾಡ್ರಿ, ಬರೇ ಅನ್ರಿ.”

ಭಾವ ಜೋರಾಗಿ ನಕ್ಕರು. ತುಂಗಕ್ಕ ಅಡುಗೆಮನೆಯಿಂದ ಇಣುಕಿ ನಕ್ಕಳು. ಅತ್ತೆ ಮಾತ್ರ ತುಲಸಿಕಟ್ಟೆಗೆ ನೀರು ಹಾಕುತ್ತಲೇ ಇದ್ದರು.

ಚಿತ್ತಾಪುರದ ತಹಸೀಲಿನಿಂದ ವಿಚಾರಣೆಗೆ ಬಂದ ಕಂದಾಯದ ಗಿರ್ದಾವರರು ದುಂಡನೆಯ, ಸಾವಧಾನದ ಮನುಷ್ಯ. ಕೊಡೆಯನ್ನು ಮಡಿಸಿ ನೀರು ಇಳಿಯಲೆಂದು ಗೋಡೆಗೆ ಆನಿಸಿಟ್ಟರು. ಬೂಟು ಕಳಚಿ ಜೋಡಿಸಿಟ್ಟ ರೀತಿ ನೋಡಿ ನನಗೆ ಒಳ್ಳೆಯ ಮನೆತನದವರು ಅನ್ನಿಸಿತು. ಭಾವನನ್ನು ನಾಲ್ಕು ಪ್ರಶ್ನೆ ಕೇಳಿದರು. ಮೌಲಾಸಾಬ ಎದ್ದು ನಿಂತು, ಎದೆಗೆ ಕೈಯಿಟ್ಟು, ಹೇಳಬೇಕಾದದ್ದನ್ನು ಹೇಳಬೇಕಾದ ಹಾಗೆಯೇ ಹೇಳಿದ. ವಕೀಲರು ಕನ್ನಡಕ ಒರೆಸಿಕೊಂಡು ಉಸಿರು ಬಿಟ್ಟರು. ಗಿರ್ದಾವರರು ಹೊರಡುವವರಿದ್ದರು. ಗಂಟಲು ಒಣಗಿದೆಯೆಂದರು. ಹೊರಗಿನವರಿಗೆಂದು ಇಟ್ಟಿದ್ದ ಲೋಟದಲ್ಲಿ ನಾನು ನೀರು ತಂದುಕೊಟ್ಟೆ. ಅರ್ಧ ಕುಡಿದು, ಲೋಟದ ಒಳಗೆ ನೋಡಿ, ಉಳಿದದ್ದನ್ನೂ ಕುಡಿದರು.

“ವ್ಹಾ! ಏನು ಸಿಹಿ ನೀರ್ರೀ ಇದು! ಈ ಕಲ್ಲುಸೀಮ್ಯಾಗ ಇಂಥಾ ನೀರು ಎಲ್ಲೂ ಕುಡದಿಲ್ಲ. ಯಾವ ಬಾವಿದು ಮಾಯಿ?”

ಅವರು ಬೇಕೆಂದೇ ಕೇಳಿದರೋ, ಬಾಯಾರಿದವನ ಮೆಚ್ಚುಗೆಯೋ, ನನಗೆ ಇವತ್ತಿಗೂ ತಿಳಿದಿಲ್ಲ.

ಬಾಗಿಲ ಮರೆಯಿಂದ ಅತ್ತೆ ಮುಂದೆ ಬಂದರು. “ನಮ್ಮದು. ಮತ್ತ ಯಾರದು? ಇದೇ ಅಂಗಳದ್ದು.”

ಮೌಲಾಸಾಬ ಕೆಮ್ಮಿದ. ವಕೀಲರು, “ಈಗೀಗಿಂದು ಸಾಹೇಬರ, ಮೊದಲು ಊರ ಬಾವಿ ನೀರೇ…” ಎಂದು ಶುರು ಮಾಡಿದರು.

“ಊರ ಬಾವಿ?” ಅತ್ತೆಯ ದನಿ ಏರಿತು. “ಬೀಗರ, ನೀವು ದೊಡ್ಡವರು, ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ. ಆ ಚರ್ಮದ ನೀರು ನಾ ಕುಡದೀನಿ? ನನ್ನ ದೇವರಿಗೆ ಅದರಾಗ ಅನ್ನ ಮಾಡೀನಿ? ಸಾಹೇಬರ, ಬರಕೊಳ್ರಿ. ನನ್ನ ಶ್ರೀನಿವಾಸ ತೊಟ್ಟಲದಾಗ ಇದ್ದ, ಆವಾಗಿಂದ ಈ ಮನ್ಯಾಗ ನಮ್ಮ ಒಲಿ ಹತ್ತೇದ. ಆ ಕಡಿಂದ ಒಂದು ಹನಿ ನೀರು ಈ ಹೊಸ್ತಿಲ ದಾಟಿಲ್ಲ. ಬೇಕಾದ್ರ ತುಲಸಿ ಮುಟ್ಟಿ ಹೇಳ್ತೀನಿ.”

ಮುಟ್ಟಿಯೇ ಹೇಳಿದರು.

“ಅವ್ವಾ” ಎಂದರು ಭಾವ. ಅಷ್ಟೇ.

“ಏನು ಅವ್ವಾ? ನಾಳೆ ನಾಲ್ಕು ಮಂದಿ ಆಚಾರ್ರ ಹೇಣ್ತಿ ಮೊಟ್ಟಿ ನೀರು ಕುಡದಾಳ ಅಂದ್ರ ನಿನಗ ಛಲೋ ಅನಸ್ತದೇನು? ಈ ಸಾಬ ಯಾರು ನಮ್ಮ ನೀರಿನ ಸುದ್ದಿ ಹೇಳಾಕ?”

ಮೌಲಾಸಾಬ ನೆಲ ನೋಡುತ್ತ ನಿಂತ. ಕಿವಿಯ ಅತ್ತರಿನ ಹತ್ತಿಯನ್ನು ತೆಗೆದು, ಬೆರಳಲ್ಲಿ ಉಂಡೆ ಮಾಡಿ, ಎಲ್ಲಿ ಬಿಸಾಡಬೇಕೆಂದು ತಿಳಿಯದೆ ಅಂಗಿಯ ಜೇಬಿಗೆ ಹಾಕಿಕೊಂಡ. ಸುಳ್ಳು ಸಾಕ್ಷಿಗೆ ಅವನನ್ನು ಹಿಡಿದುಹಾಕಬಹುದಿತ್ತು. ಗಿರ್ದಾವರರು ಅವನ ಕಡೆ ನೋಡಿ, “ನೀ ಮನಿಗೆ ನಡಿ” ಎಂದರು. ಅವನು ಬಯಲು ದಾಟಿ ಹೋದ.

ಆಮೇಲೆ ಗಿರ್ದಾವರರು ಬೂಟು ಹಾಕಿಕೊಂಡು ಅಂಗಳದ ಅಂಚಿಗೆ ಹೋದರು. ಬಿದಿರಿನ ಮೇಲೆ ಮಳೆಗೆ ನೆನೆಯುತ್ತಿದ್ದ ಅತ್ತೆಯ ಮಡಿಸೀರೆಗೆ ತಾಗದಂತೆ ಬಗ್ಗಿ, ಕೊಡೆಯ ತುದಿಯಿಂದ ಕಲ್ಲಿನ ಅಕ್ಷರಗಳಲ್ಲಿ ತುಂಬಿದ್ದ ಹುಣಸೆಯನ್ನು ಕೆರೆದರು. “ಇದು ಏನು ಮಾಯಿ?”

“ಹುಣಸಿಹಣ್ಣು ಕುಟ್ಟೋ ಕಲ್ಲು” ಎಂದರು ಅತ್ತೆ.

“ಇದು ರೈಲಿನ ಹದ್ದಿನ ಕಲ್ಲು. ಇದರ ಆಚೆಗೆ ನಮ್ಮ ಸರಕಾರ. ಈಚೆಗೆ ಅಂಗ್ರೇಜಿ. ನೀವು ಭಾಳ ಖರೇ ಮಂದಿ ಮಾಯಿ, ಇಷ್ಟು ವರ್ಷದಾಗ ಒಂದು ದಿನಾನೂ ನಮ್ಮ ರಾಜ್ಯದಾಗ ಇರಲಿಲ್ಲ ಅಂತ ತುಲಸಿ ಮುಟ್ಟಿ ಹೇಳಿದ್ರಿ. ನಾ ಮತ್ತೇನು ಬರೀಲಿ?” ಭಾವನ ಹೆಗಲ ಮೇಲೆ ಕೈಯಿಟ್ಟು, “ಮಾಫ್ ಮಾಡ್ರಿ ಮಾಸ್ತರ” ಎಂದು ಮಳೆಯಲ್ಲಿ ಹೊರಟುಹೋದರು.

ಅತ್ತೆಗೆ ತಾನು ಏನು ಮಾಡಿದೆನೆಂದು ಅರ್ಥವಾಯಿತೋ ಇಲ್ಲವೋ. ಆ ದಿನದ ಮಾತು ಅವರು ಎಂದೂ ಎತ್ತಲಿಲ್ಲ. “ನಾ ಖರೇ ಹೇಳೀನಿ” ಎಂದಷ್ಟೇ ಆ ಸಂಜೆ ಒಮ್ಮೆ, ಯಾರೂ ಕೇಳದಿದ್ದರೂ, ದೇವರ ಮನೆಯಿಂದ ಅಂದರು. ಕಾನ್ವೆಂಟಿನ ಸಿಸ್ಟರು ನನಗೆ ನೆನಪಾದರು.

ಶ್ರಾವಣ ಮುಗಿಯುವ ಹೊತ್ತಿಗೆ ಶಾಲೆಗೆ ಬೇರೆ ಮಾಸ್ತರು ಬಂದರು. ಭಾವ ಮನೆಯಲ್ಲಿ ಕೂತರು. ಬೆಳಗಿನ ಪ್ಯಾಸೆಂಜರು ಸೀಟಿ ಹಾಕಿದಾಗ ಅವರ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಗುತ್ತಿತ್ತು. ಊಟಕ್ಕೆ ಕೂತಾಗ ಫರಸಿಯ ಮೇಲೆ ಏನೂ ಬರೆಯುತ್ತಿರಲಿಲ್ಲ. ಒಂದು ದಿನ ಮಾತ್ರ ನಾನು ಬಡಿಸುವಾಗ ನೋಡಿದೆ, ಒಂದು ಗೆರೆ ಎಳೆದಿದ್ದರು, ಗೆರೆಯ ಈಚೆಗೆ ಒಂದು ಚುಕ್ಕೆ. ಅತ್ತೆ ಗೋಮಯ ಹಚ್ಚುವಾಗ ಅದೂ ಹೋಯಿತು.

ವಕೀಲರು ಸುಮ್ಮನಿರಲಿಲ್ಲ. ಸೇಡಂನ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳುವ ಒಬ್ಬ ಬಾಯಿ ಬೇಕಾಗಿದ್ದರು. ಮಗಳು ಓದು ಬರಹ ಬಲ್ಲವಳು, ಸೇಡಂನಲ್ಲೇ ಹುಟ್ಟಿದವಳು, ಅವಳಿಗಾದರೂ ಕೆಲಸ ಸಿಕ್ಕರೆ ಗಂಡನೂ ಜೊತೆಗೆ ಬಂದು ಇರಬಹುದೆಂದು ಲೆಕ್ಕ ಹಾಕಿದರು. ಕಚೇರಿಗೆ ಹೋಗಿ ಬಂದವರು ನಮ್ಮ ಕಟ್ಟೆಯ ಮೇಲೆ ಬಹಳ ಹೊತ್ತು ಕನ್ನಡಕ ಒರೆಸಿದರು.

“ಏನಂದ್ರು ಅಪ್ಪಾ?” ಎಂದಳು ತುಂಗಕ್ಕ.

“ಮುಲ್ಕಿ ಹೆಣ್ಣು ಗೈರ್‌ಮುಲ್ಕಿಯನ್ನ ಲಗ್ನ ಆದ್ರ ಅಕಿನೂ ಗೈರ್‌ಮುಲ್ಕಿ ಆಗ್ತಾಳಂತ. ಗಂಡ ಇರೋತನಕ.”

“ನಾ ಹುಟ್ಟಿದ್ದು ಸೇಡಮ್ಮಿನಾಗಲ್ಲೇನು?”

“ಅದಾ ಅಂದೆ. ಅದಕ್ಕ ಕಚೇರಿ ಗುಮಾಸ್ತ, ಆ ಪೇಶಕಾರ, ನಕ್ಕೋತ…” ವಕೀಲರು ನಿಲ್ಲಿಸಿದರು. ಮುಂದಿನದನ್ನು ಅವರು ಹೇಳಬಾರದಿತ್ತು. ಆದರೆ ದಾರಿಯುದ್ದಕ್ಕೂ ಅದನ್ನೇ ಹೊತ್ತುಕೊಂಡು ಬಂದಿದ್ದರೆಂದು ಕಾಣುತ್ತದೆ. “‘ಗಂಡ ಸತ್ತ ಮ್ಯಾಲ ಕರಕೊಂಡು ಬರ್ರಿ, ಅವತ್ತೇ ಮುಲ್ಕಿ ಮಾಡಿಕೊಡ್ತೀವಿ’ ಅಂದ.”

ಭಾವ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. “ಅಂದ್ರ ಮುಲ್ಕಿ ಬಾಯಿಯವರಿಗೆ ನಾನೊಬ್ಬನೇ ಅಡ್ಡ” ಎಂದರು. ನಗಿಸಲೆಂದೇ ಹೇಳಿದ್ದರು. ಯಾರೂ ನಗಲಿಲ್ಲ. ಅತ್ತೆ ಒಳಗಿನಿಂದ ಅಂದರು: “ಬಂದ ದಿನದಿಂದ ನಾ ಮುಲ್ಕಿ ನಾ ಮುಲ್ಕಿ ಅಂತ ಅಂದ್ಕೋತ ಗಂಡನ್ನ ಪರದೇಶಿ ಮಾಡಿದ್ಲು. ಬಾಯಿಗುಣ.”

ಗಣೇಶ ಚೌತಿ ಮುಗಿದ ಮೇಲೆ ಭಾವ ಸೊಲ್ಲಾಪುರಕ್ಕೆ ಹೊರಟರು. ಅಲ್ಲಿಯ ಗಿರಣಿಯೊಂದರಲ್ಲಿ ಹಾಜರಿ ಬರೆಯುವ ಕೆಲಸ ಸಿಕ್ಕಿತ್ತು. ಟಿಕೇಟು ಕೊಟ್ಟವರು ಅವರ ತಮ್ಮನೇ. ತುಂಗಕ್ಕ ಸ್ಟೇಷನ್ನಿಗೆ ಹೋಗುವಂತಿರಲಿಲ್ಲ. ಹಿತ್ತಿಲಲ್ಲಿ ನಿಂತರೆ ಗಾಡಿ ಕಾಣುತ್ತದೆಂದು ನಾವಿಬ್ಬರೂ ಬೂದಿಗುಂಡಿಯ ಪಕ್ಕ ನಿಂತೆವು. ಕಿಟಕಿಗಳು ಸಾಲಾಗಿ ಸರಿದವು. ಒಂದರಿಂದ ಕೈಯೊಂದು ಬಂದಂತಾಯಿತು, ಅವರದೋ ಬೇರೆಯವರದೋ. ತುಂಗಕ್ಕ ಮಾತ್ರ ಅವರದೇ ಅಂದಳು. ಜಾಗ ಸಿಕ್ಕ ಕೂಡಲೇ ಕರೆಸಿಕೊಳ್ಳುವೆನೆಂದಿದ್ದರು. ಆಕೆ ಪರದೆಯನ್ನು ತೆಗೆದು, ಸೊಲ್ಲಾಪುರದ ಕಿಟಕಿಗಳು ಎಷ್ಟು ಅಗಲವಿರುತ್ತವೆಂದು ನನ್ನನ್ನು ಕೇಳಿದಳು. ಹೆಚ್ಚಾದರೆ ಮಡಿಚಿ ಹೊಲಿದರಾಯಿತು ಎಂದೆ.

ಮಹಾಲಯ ಕಳೆದು ನವರಾತ್ರಿ ಬಂದಿತ್ತು, ಮಳೆ ಇನ್ನೂ ಬಿಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತು ನನ್ನ ಯಜಮಾನರು ಟಿಕೇಟಿನ ಕಿಟಕಿ ಮುಚ್ಚಿ ಮನೆಗೆ ಬಂದರು. ಕೆಲಸದ ನಡುವೆ ಅವರು ಬಂದದ್ದೇ ಇಲ್ಲ. ಕಂಪನಿಯ ಟೋಪಿ ಕೈಯಲ್ಲಿತ್ತು, ಅದರ ಅಂಚನ್ನು ಸುತ್ತ ತಿರುಗಿಸುತ್ತ ಬಾಗಿಲಲ್ಲೇ ನಿಂತರು. ಸೊಲ್ಲಾಪುರದ ತಾರು ಮೊದಲು ಅವರ ಸ್ಟೇಷನ್ನಿಗೇ ಬರುತ್ತಿತ್ತು. ಗಿರಣಿಯ ಚಾಳಿನಲ್ಲಿ ಕಾಲರಾ ಬಿದ್ದಿತ್ತು. ನಲ್ಲಿಯ ನೀರು ಕೆಟ್ಟಿತ್ತಂತೆ.

ಹತ್ತನೆಯ ದಿನ ಬಾವಿಯ ಪಕ್ಕಕ್ಕೆ ಹಜಾಮನನ್ನು ಕರೆಸಿದರು. ಮರೆಗೆ ಒಂದು ಬಟ್ಟೆ ಬೇಕಾಯಿತು. ಅತ್ತೆ ಮನೆಯೆಲ್ಲ ಹುಡುಕಿ, ಕೊನೆಗೆ ತುಂಗಕ್ಕನ ಟ್ರಂಕು ತೆಗೆದು ಆ ಪರದೆಯನ್ನು ತಂದು ಹಗ್ಗಕ್ಕೆ ಹಾಕಿದರು. ನೀಲಿ ಹೂವುಗಳು ನನ್ನ ಕಡೆಗಿದ್ದವು. ಆಚೆಯಿಂದ ಕತ್ತಿಯ ಸದ್ದು ಬಿಟ್ಟು ಬೇರೆ ಸದ್ದು ಬರಲಿಲ್ಲ. ಪರದೆಯ ಕೆಳಗೆ ಒದ್ದೆ ಫರಸಿಯ ಮೇಲೆ ಕೂದಲು ಬೀಳುವುದು ಕಾಣುತ್ತಿತ್ತು. ನೀರು ಹರಿಯುವ ಇಳಿಜಾರಿನಲ್ಲಿ ಅದು ನಿಧಾನವಾಗಿ ಜಾರಿ ನನ್ನ ಕಾಲಿನ ತನಕ ಬಂತು. ಮುಗಿದ ಮೇಲೆ ಅತ್ತೆ ತಾವೇ ಕೊಡ ಕೊಡ ನೀರು ಸೇದಿ ಆಕೆಯ ತಲೆಗೆ ಸುರಿದರು. “ನಾನೂ ಇದೇ ಫರಸಿ ಮ್ಯಾಲ ಕುಂತಿದ್ದೆ” ಎಂದರು. ಸಮಾಧಾನಕ್ಕೆ ಅಂದರೋ ಏನೋ, ದನಿ ಹಾಗಿರಲಿಲ್ಲ.

ಕಾರ್ತಿಕದಲ್ಲಿ ವಕೀಲರು ಮಗಳ ಹೆಸರಿನಲ್ಲಿ ಅರ್ಜಿ ಹಾಕಿದರು. ಅಳುತ್ತಲೇ ಹಾಕಿದರು, ಆದರೆ ಹಾಕಿದರು. ವಿಚಾರಣೆಗೆ ಅದೇ ಗಿರ್ದಾವರರು ಬಂದರು, ಅದೇ ಕೊಡೆ. ಮಳೆಯಿರಲಿಲ್ಲ, ರೂಢಿಗೆ ತಂದಿದ್ದರು. ಈ ಸಲ ಕಟ್ಟೆಯ ಮೇಲೆ ಕೂರದೆ ಅಂಗಳದಲ್ಲೇ ನಿಂತರು. ವಕೀಲರು ಸಾಕ್ಷಿಗೆ ಇಬ್ಬರನ್ನು ಕರೆತಂದಿದ್ದರು.

“ತುಂಗಾ, ಹೊರಗ ಬಾ. ಸಾಹೇಬರು ನೋಡ್ಲಿ” ಎಂದರು ಅತ್ತೆ.

ಆಕೆ ಬಂದಳು. ಕೆಂಪು ಸೀರೆಯ ಸೆರಗು ತಲೆಯ ಮೇಲೆ ನಿಲ್ಲುತ್ತಿರಲಿಲ್ಲ, ಹಿಡಿದುಕೊಳ್ಳಲು ಕೂದಲಿರಲಿಲ್ಲ. ಜಾರಿದ್ದನ್ನು ಎಳೆದುಕೊಂಡಳು, ಮತ್ತೆ ಜಾರಿತು. ಗಿರ್ದಾವರರು ಒಮ್ಮೆ ನೋಡಿ ಕಣ್ಣು ಕೆಳಗೆ ಮಾಡಿದರು.

“ಸಾಕು ವಕೀಲಸಾಹೇಬ. ಇದಕ್ಕ ಸಾಕ್ಷಿ ಬ್ಯಾಡ.”

ನಾನು ನೀರು ತಂದಿದ್ದೆ. ಬೇಡವೆಂದು ಕೈ ಮಾಡಿದರು.

ಹೀಗೆ ತುಂಗಕ್ಕ ಮತ್ತೆ ಮುಲ್ಕಿಯಾದಳು. ಸೇಡಂನ ಶಾಲೆಯ ಕೆಲಸವೂ ಸಿಕ್ಕಿತು. ಹೊರಡುವ ಮುಂಜಾನೆ ವಕೀಲರು ಟ್ರಂಕಿನೊಂದಿಗೆ ಮೊದಲೇ ಸ್ಟೇಷನ್ನಿಗೆ ಹೋಗಿ ಕಾಯುತ್ತಿದ್ದರು. ಸ್ಟೇಷನ್ನಿಗೆ ನಮ್ಮ ಹಿತ್ತಿಲ ದಾರಿ ಹತ್ತಿರ. ತುಂಗಕ್ಕ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ಹಿತ್ತಿಲಿಗೆ ಹೋಗದೆ ಮುಂದಿನ ಅಂಗಳಕ್ಕೆ ಇಳಿದಳು. ಕೈಯಲ್ಲಿ ಒಂದು ಸಣ್ಣ ಗಂಟಿತ್ತು. ನಾನು ಅದನ್ನು ತೆಗೆದುಕೊಂಡು ಹಿಂದೆ ನಡೆದೆ. ಹುಣಸೆಯ ಕಲ್ಲು ದಾಟಿದಳು. ಬಯಲು ದಾಟಿದಳು. ಊರ ಬಾವಿಯ ಹತ್ತಿರ ಹೋಗಿ ನಿಂತಳು.

ಗಣಿಗೆ ಹೋಗುವ ಮುಂಚೆ ಮೌಲಾಸಾಬ ಎತ್ತು ಹೊಡೆಯುತ್ತಿದ್ದ. ಮೊಟ್ಟೆ ಮೇಲೆ ಬಂದು ಕಲ್ಲಿನ ದೋಣಿಗೆ ನೀರು ಸುರಿಯಿತು. ಆಕೆ ಬಗ್ಗಿ ಬೊಗಸೆ ಒಡ್ಡಿದಳು.

ಅವನು ಓಡಿಬಂದ. “ಬ್ಯಾಡ ತಾಯಿ, ಇದು ಚರ್ಮದ ನೀರು. ನಿಮಗ ನಡಿಯಂಗಿಲ್ಲ. ಅವ್ವಾರು ನೋಡಾಕತ್ತಾರ.”

ಅತ್ತೆ ನಿಜಕ್ಕೂ ನೋಡುತ್ತಿದ್ದರು. ಅಂಗಳದಲ್ಲಿ ಕೆಂಪು ಸೀರೆ ಕಾಣುತ್ತಿತ್ತು. ಅಷ್ಟು ದೂರದಿಂದ ನೋಡಿದರೆ ಅವರೂ ತುಂಗಕ್ಕನೂ ಒಂದೇ ಥರ ಇದ್ದರು.

“ನೋಡ್ಲಿ” ಎಂದಳು ತುಂಗಕ್ಕ. “ಅವತ್ತು ಕುಡೀಬ್ಯಾಡ್ರಿ ಬರೇ ಅನ್ರಿ ಅಂದಿದ್ರಿ ಮೌಲಾಸಾಬ. ಅಷ್ಟೂ ಆಗಲಿಲ್ಲ ನಮ್ಮ ಕಡಿಂದ. ನಾ ಏನೂ ಅನ್ನಂಗಿಲ್ಲ, ಕುಡೀತೀನಿ.”

ಕುಡಿದಳು. ಮೊಣಕೈಯಿಂದ ನೀರು ಇಳಿಯುವಷ್ಟು ಕುಡಿದಳು. ನನ್ನ ಕೈಯಿಂದ ಗಂಟು ತೆಗೆದುಕೊಂಡು, ಊರ ದಾರಿಯಲ್ಲಿ ಸುತ್ತುಹಾಕಿ ಸ್ಟೇಷನ್ನಿನ ಕಡೆ ಹೋದಳು. ತಿರುಗಿ ನೋಡಲಿಲ್ಲ. ಆ ಮನೆಗೆ ಮತ್ತೆಂದೂ ಬರಲಿಲ್ಲ, ಬಂದಿದ್ದರೂ ಅತ್ತೆ ಹೊಸ್ತಿಲು ದಾಟಗೊಡುತ್ತಿರಲಿಲ್ಲ.

ನಾನು ವಾಪಸು ಬಂದಾಗ ಅತ್ತೆ ಬಾವಿಯ ಕಟ್ಟೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡು ನಿಂತಿದ್ದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಅಂಗಳದ ಅಂಚಿನ ಕಡೆ ಬೆರಳು ತೋರಿಸಿ ಕೇಳಿದರು:

“ನೀ ಎಲ್ಲಿ ನಿಂತಿದ್ದಿ? ಆ ಕಲ್ಲಿನ ಈಚೆಗೋ, ಆಚೆಗೋ?”

“ಆಚೆಗೆ” ಎಂದೆ.

ಕೊಡವನ್ನೆತ್ತಿ ನನ್ನ ತಲೆಯ ಮೇಲೆ ಬೋರಲು ಹಾಕಿದರು. ನೀರು ಕಣ್ಣಿಗೆ, ಮೂಗಿಗೆ ನುಗ್ಗಿತು, ಬಾಯೊಳಗೂ ಹೋಯಿತು. ಸಿಹಿಯಾಗಿತ್ತು.